ಅಪ್ಪನ ಕಾಯಿ, ಫ್ರಾನ್ಸಿನ ಸೀಟು

ಹೋದ ತಿಂಗಳು ಒಂದು ಭಾನುವಾರ ನನ್ನ ಮೊಮ್ಮಗಳನ್ನು ನೋಡೋದಕ್ಕೆ ಬೇಲೂರಿಗೆ ಒಬ್ಬ ಗಂಡಸು ಬಂದಿದ್ದ. ಮದುವೆಯಾದವನು. ಹೆಂಡತಿ, ಎರಡು ಮಕ್ಕಳು ಜೊತೆಗೇ ಇದ್ದರು. ಅರಸೀಕೆರೆಯಿಂದ ನಾನೇ ಹುಡುಗಿಯನ್ನು ಬಸ್ಸಿನಲ್ಲಿ ಕರಕೊಂಡು ಹೋಗಿ ಅವನ ಮುಂದೆ ಕೂರಿಸಿದೆ.

ಗಾಬರಿ ಬೀಳಬೇಡಿ. ಅದು ಇಂಟರ್‌ವ್ಯೂ.

ನನ್ನ ಮೊಮ್ಮಗಳು ಚೇತನಾ. ಮನೇಲಿ ಚೇತು. ಬಿ.ಇ. ಮುಗಿಸಿ ನಮ್ಮೂರ ಹತ್ತಿರವೇ ಒಂದು ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ತೋಟಗಳಿಂದ ಬರೋ ತೆಂಗಿನಕಾಯಿ ನೋಡಿ ಇಳಿಸಿಕೊಳ್ಳೋದರಿಂದ ಹಿಡಿದು ಪುಡಿ ಲಾರಿಗೆ ಏರೋ ತನಕ ಎಲ್ಲ ಅವಳದೇ ಉಸ್ತುವಾರಿ. ಈಗ ಫ್ರಾನ್ಸಿನ ಒಂದು ಕಾಲೇಜಿಗೆ ಎಂಬಿಎ ಓದೋಕೆ ಅರ್ಜಿ ಹಾಕಿದ್ದಾಳೆ. ಒಂದೇ ವರ್ಷದ ಎಂಬಿಎ. (ಇಲ್ಲಿ ಎರಡು ವರ್ಷ ಓದಿಸೋದನ್ನ ಅಲ್ಲಿ ಒಂದು ವರ್ಷಕ್ಕೆ ಹೇಗೆ ಮುಗಿಸ್ತಾರೆ ಅಂತ ಕೇಳಿದೆ. "ರಜ ಕೊಡಲ್ಲ ಅಜ್ಜಿ" ಅಂದಳು. ಸರಿ.)

ಅವಳಪ್ಪ, ಅಂದರೆ ನನ್ನ ಮಗ ರುದ್ರೇಶ, ಒಂದು ಕರಾರು ಹಾಕಿದ. ಒಂದೇ ವರ್ಷ ತಾನೆ, ಸೀಟು ಸಿಕ್ಕರೆ ಹೋಗು. ಆದರೆ ಒಂದೇ ಸಲ. ಸಿಗಲಿಲ್ಲವೋ, ತಿಪಟೂರಿನ ಸಂಬಂಧಕ್ಕೆ ಹೂಂ ಅನ್ನಬೇಕು. ಚೇತು ಒಪ್ಪಿದಳು. ತಿಪಟೂರಿನವರು ಜಾತಕ ಕೂಡಿಬಂದಿದೆ ಅಂತ ವಾರ ವಾರ ಫೋನು ಮಾಡ್ತಾರೆ. ಹುಡುಗ ಬ್ಯಾಂಕಿನಲ್ಲಿದ್ದಾನೆ, ಕೆಟ್ಟವನೇನಲ್ಲ. ಚೇತುಗೆ ಬೇಡ, ಅಷ್ಟೇ.

ಹಾಗಾಗಿ ನಮ್ಮನೇಲಿ ಎದ್ದರೆ ಕೂತರೆ ಒಂದೇ ಮಾತು. ಸಿಗುತ್ತಾ? ಸಿಗಲ್ವಾ?

ಇದನ್ನು ಚೇತು ಯಾರನ್ನು ಕೇಳಿದಳು ಅಂದುಕೊಂಡ್ರಿ? ಓದಿಸಿದ ಮೇಷ್ಟರನ್ನಲ್ಲ. ಸ್ಟೇಷನ್ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ಇದೆ. ಅಲ್ಲಿ ಕೂತು ತನ್ನ ವಯಸ್ಸು, ಮಾರ್ಕ್ಸು, ಯಾವುದೋ ಪರೀಕ್ಷೆಯ ಸ್ಕೋರು, ಮಾಡೋ ಕೆಲಸ ಎಲ್ಲಾ ಇಂಟರ್‌ನೆಟ್ಟಿಗೆ ಹಾಕಿ "ನನ್ನ ಚಾನ್ಸ್ ಎಷ್ಟು?" ಅಂತ ಕೇಳಿದಳಂತೆ. ಗುರುತು ಪರಿಚಯ ಇಲ್ಲದೋರೆಲ್ಲ ಉತ್ತರ ಕೊಟ್ಟರು. ಒಬ್ಬ ನೂರಕ್ಕೆ ಮೂವತ್ತು ಅಂದ. ಇನ್ನೊಬ್ಬ ಎಪ್ಪತ್ತು ಅಂದ. ಹೆಂಗಸು, ಅದೂ ಕಂಪ್ಯೂಟರ್ ಬಿಟ್ಟು ತೆಂಗಿನಕಾಯಿ ಕೆಲಸ, ಅದೇ ನಿನಗೆ ಪ್ಲಸ್ಸು ಅಂತ ಮತ್ತೊಬ್ಬ.

"ಇವರೆಲ್ಲ ಯಾರೇ? ಕಾಲೇಜಿನೋರಾ?" ಅಂದೆ.

"ಅಲ್ಲಜ್ಜಿ. ಅವ್ರೂ ನನ್ ಥರಾನೇ ಅಪ್ಲೈ ಮಾಡ್ತಿರೋರು."

"ಅಂದ್ರೆ ರೇಷನ್ ಅಂಗಡಿ ಕ್ಯೂನಲ್ಲಿ ನಿಂತಿರೋರನ್ನ, ನನಗೆ ಅಕ್ಕಿ ಸಿಗುತ್ತಾ ಅಂತ ಕೇಳ್ದಂಗಾಯ್ತು."

"ನಿಂಗೆ ಅರ್ಥ ಆಗಲ್ಲ ಬಿಡಜ್ಜಿ."

ಆಗಲ್ಲ, ನಿಜ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಇದರಲ್ಲಿ ಅರ್ಥವಾಗೋದು ಏನಾದರೂ ಇದೆಯಾ, ನೀವೇ ಹೇಳಿ.

ಇನ್ನೂ ತಲೆ ಕೆಡಿಸಿದ್ದು ಆ ಕಾಲೇಜಿನ ಪ್ರಶ್ನೆ. ನಿಮ್ಮ ಒಂದು ಸೋಲಿನ ಬಗ್ಗೆ ಬರೆಯಿರಿ ಅಂತ ಕೇಳಿದ್ದಾರೆ! ನಮ್ಮಲ್ಲಿ ಹೆಣ್ಣುಮಕ್ಕಳ ಸೋಲನ್ನು ಪಕ್ಕದ ಮನೆಗೂ ಗೊತ್ತಾಗದ ಹಾಗೆ ಮುಚ್ಚಿಡ್ತೀವಿ. ಅಲ್ಲಿ ಸೋಲು ತೋರಿಸದಿದ್ದರೆ ಸೀಟೇ ಇಲ್ಲ. ಚೇತು ವಾರಗಟ್ಟಲೆ ಸೋಲು ಹುಡುಕಿದಳು. ನಾನೂ ಸಹಾಯಕ್ಕೆ ಹೋದೆ.

"ಪಿಯುಸಿ ಕೆಮಿಸ್ಟ್ರೀಲಿ ಫೇಲಾಗಿದ್ಯಲ್ಲ, ಅದನ್ನೇ ಬರಿ."

"ಅದು ಕೆಟ್ಟ ಸೋಲು ಅಜ್ಜಿ. ಒಳ್ಳೇ ಸೋಲು ಬೇಕು."

ಕೊನೆಗೆ ಬರೆದದ್ದು ಇಷ್ಟು. ಕಾಲೇಜಿನ ಫಂಕ್ಷನ್‌ನಲ್ಲಿ ಯಾರಿಗೂ ಕೆಲಸ ಹಂಚದೆ ಎಲ್ಲಾ ತಾನೇ ಮೈಮೇಲೆ ಹಾಕಿಕೊಂಡು ಜ್ವರ ಬಂದು ಮಲಗಿದಳಂತೆ. ಅದರಿಂದ ಪಾಠ ಕಲಿತಳಂತೆ.

"ಇದು ಸೋಲಾ? ಇದು ಜಂಬ" ಅಂದೆ. "ಆ ಕಾಯಿ ಲೋಡಿನ ವಿಷಯ ಬರಿ. ಅದಕ್ಕಿಂತ ಸೋಲು ಬೇಕಾ?"

ಚೇತು ಮುಖ ಗಂಟು ಹಾಕಿಕೊಂಡಳು. "ಅದನ್ನ ಬರೆಯಲ್ಲ. ಅದು ನಂದು ಮಾತ್ರ ಅಲ್ಲ, ಅಪ್ಪಂದೂ."

ಕಾಯಿ ಲೋಡಿನ ವಿಷಯ ಹೇಳ್ತೀನಿ, ತಾಳಿ. ಮೊದಲು ಬೇಲೂರಿಗೆ ಹೋಗೋಣ.

ಇಂಟರ್‌ವ್ಯೂ ಮಾಡೋನು ಅದೇ ಫ್ರಾನ್ಸ್ ಕಾಲೇಜಲ್ಲಿ ಹಿಂದೆ ಓದಿದವನು. ಈಗ ಬೆಂಗಳೂರಲ್ಲಿ ದೊಡ್ಡ ಕೆಲಸ. ಕಾಲೇಜು ತನ್ನ ಹಳೇ ಹುಡುಗರಿಗೇ ಈ ಕೆಲಸ ವಹಿಸುತ್ತಂತೆ. ಫ್ಯಾಮಿಲಿ ಸಮೇತ ಬೇಲೂರು ಹಳೇಬೀಡು ನೋಡೋಕೆ ಬರ್ತಿದೀನಿ, ನಿಮಗೂ ಹತ್ತಿರ, ಅಲ್ಲೇ ಬನ್ನಿ ಅಂತ ಬರೆದ. ರುದ್ರೇಶನಿಗೆ ಅವತ್ತು ತೋಟದಲ್ಲಿ ಕಾಯಿ ಕೀಳಿಸೋದಿತ್ತು. ಪರಸ್ಥಳದ ಹೋಟೆಲಿನಲ್ಲಿ ಗುರುತಿಲ್ಲದ ಗಂಡಸಿನ ಎದುರು ಹುಡುಗಿ ಒಬ್ಬಳೇ ಕೂರೋದು ಬೇಡ ಅಂತ ನನ್ನನ್ನು ಕಳಿಸಿದ.

ಜಾವಗಲ್ ದಾಟೋ ಹೊತ್ತಿಗೆ ಚೇತು ನನ್ನ ಬ್ಯಾಗು ನೋಡಿದಳು.

"ಇದೇನಜ್ಜಿ?"

"ಕೊಬ್ಬರಿ ಗಿಟುಕು. ಒಂದು ರವಿಕೆ ಬಟ್ಟೆ. ಅವನ ಹೆಂಡತಿ ಬರ್ತಾಳಲ್ಲ."

"ಅಯ್ಯೋ! ಲಂಚ ಅಂದ್ಕೋತಾರೆ!"

"ಮುತ್ತೈದೆಯನ್ನ ಮೊದಲ ಸಲ ನೋಡೋಕೆ ಬರಿಗೈಲಿ ಹೋಗೋದಾ? ಲಂಚ ಕೊಡೋಳಾಗಿದ್ರೆ ಕೊಬ್ಬರೀಲಿ ಮುಗಿಸ್ತಿದ್ನಾ?"

ಹೋಟೆಲಿಗೆ ಹೋದರೆ ಆ ಮನುಷ್ಯ ಚಡ್ಡಿಯಲ್ಲಿದ್ದ. ಪರೀಕ್ಷೆ ಕೊಡೋಳು ಆ ಬಿಸಿಲಲ್ಲಿ ಕೋಟು ಹಾಕಿಕೊಂಡು ಬೆವರುತ್ತಿದ್ದಾಳೆ, ಪರೀಕ್ಷೆ ಮಾಡೋನು ಚಡ್ಡಿ. ಯಾರು ಯಾರನ್ನು ನೋಡೋಕೆ ಬಂದಿದ್ದಾರೆ ಅಂತ ನನಗೇ ಅನುಮಾನ ಬಂತು. ಅವರಿಬ್ಬರೂ ಕಿಟಕಿ ಪಕ್ಕದ ಟೇಬಲ್ಲಿಗೆ ಹೋಗಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಮಕ್ಕಳು ಹೊರಗೆ ಆಡುತ್ತಿದ್ದವು. ನಾನು ಅವನ ಹೆಂಡತಿ ಸುನೀತಾ ಜೊತೆ ಈಚೆ ಟೇಬಲ್ಲಿನಲ್ಲಿ ಕೂತೆ. ಕೊಬ್ಬರಿ ಕೊಟ್ಟೆ. ಕಣ್ಣಿಗೊತ್ತಿಕೊಂಡು ತಗೊಂಡಳು. ಒಳ್ಳೇ ಹುಡುಗಿ.

"ನಿಮ್ಮ ಮೊಮ್ಮಗಳು ತುಂಬಾ ಹುಷಾರಿ ಅನ್ಸುತ್ತೆ ಅಲ್ವಾ ಅಜ್ಜಿ?" ಅಂದಳು.

ನೋಡ್ರಪ್ಪ, ನಾನು ಹೆಣ್ಣು ನೋಡುವ ಶಾಸ್ತ್ರ ಕಂಡವಳು. ಗಂಡಸರು ಹಜಾರದಲ್ಲಿ ಮಳೆ, ಬೆಳೆ ಅಂತ ಮಾತಾಡ್ತಾ ಇರ್ತಾರೆ. ಅದು ತೋರಿಕೆಗೆ. ನಿಜವಾದ ಪರೀಕ್ಷೆ ಒಳಗೆ ನಡೆಯುತ್ತೆ. ಬಂದ ಹೆಂಗಸರಲ್ಲಿ ಒಬ್ಬಳು ಮೆತ್ತಗೆ ಅಜ್ಜಿ ಪಕ್ಕ ಕೂತು, ಏನೂ ಗೊತ್ತಿಲ್ಲದವಳ ಹಾಗೆ ಒಂದೊಂದೇ ಕೇಳ್ತಾಳೆ. ಊರಿಗೆ ಹೋದ ಮೇಲೆ ಅವಳ ಮಾತೇ ಕೊನೆ ಮಾತು.

ಓಹೋ, ಇವಳೇ ಅಂದುಕೊಂಡೆ.

ಹುಷಾರಿ ಅಂತ ಹೊಗಳಿದರೆ ಈ ಕಾಲೇಜಿಗೆ ರುಚಿಸೋದಿಲ್ಲ. ಸೋಲು ಬೇಕು ಇವರಿಗೆ. ಚೇತು ಬರೆದದ್ದು ಜಂಬ. ಹಾಗಾದರೆ ಒಳ್ಳೇ ಸರಕನ್ನು ನಾನು ಇಡಬೇಕು ತಾನೆ?

"ಹುಷಾರಿ ಎಲ್ಲಿ ಬಂತು" ಅಂತ ಶುರುಮಾಡಿದೆ. ಕೆಮಿಸ್ಟ್ರಿ ಹೇಳಿದೆ. ಕೋಪ ಬಂದರೆ ಊಟ ಬಿಡೋದು ಹೇಳಿದೆ. ಆಮೇಲೆ ಕಾಯಿ ಲೋಡು.

ನಮ್ಮ ಕಡೆ ಫ್ಯಾಕ್ಟರಿಗೆ ಕಾಯಿ ಲೋಡು ಬಂದರೆ ಅಲ್ಲೊಂದು ಇಲ್ಲೊಂದು ಆರಿಸಿ ಒಡೆದು ನೋಡದೆ ಇಳಿಸಿಕೊಳ್ಳೋ ಹಾಗಿಲ್ಲ. ಎಂಥ ದೊಡ್ಡ ರೈತನದಾದರೂ ಸರಿ. ಚೇತು ಎಲ್ಲರದನ್ನೂ ಒಡೆಸ್ತಿದ್ದಳು. ಒಂದು ದಿನ ನಮ್ಮದೇ ತೋಟದ ಲೋಡು ಹೋಯ್ತು. ಲಾರಿ ಪಕ್ಕ ರುದ್ರೇಶ ನಿಂತಿದ್ದ. "ನಮ್ದೇ ಕಾಯಿ ಕಣೇ, ಇಳಿಸು" ಅಂದ. ಅಪ್ಪನ ಎದುರಿಗೇ ಅಪ್ಪನ ಕಾಯಿ ಒಡೆದರೆ, ಆಳುಕಾಳು ನೋಡ್ತಿರುವಾಗ, ನಿನ್ನ ಮಾತು ನಂಬಲ್ಲ ಅಂದ ಹಾಗಾಗುತ್ತೆ. ಚೇತು ಒಡೆಸಲಿಲ್ಲ. ಮೇಲಿನದೆಲ್ಲ ಚೆನ್ನಾಗಿತ್ತು. ತಳದಲ್ಲಿ ಹಿಂದಿನ ಸಲ ಕಿತ್ತು ಉಳಿದದ್ದು, ಮೊಳಕೆ ಬಂದದ್ದು, ಕೊಳೆತದ್ದು. ಅವತ್ತಿನ ಪುಡಿಯೆಲ್ಲ ನಾತ ಹೊಡೆದು ಹೊರಗೆ ಸುರಿದರು.

ಯಾರ ಕಾಯಿಂದ ಕೆಟ್ಟಿತು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಇವಳೇ ಮಾಲೀಕರ ಹತ್ತಿರ ಹೋಗಿ, ನಮ್ಮಪ್ಪನ ಲೋಡು ಸರ್, ನಾನೇ ಒಡೆಸದೆ ಇಳಿಸಿದೆ ಅಂದುಬಿಟ್ಟಳು. ಅಲ್ಲಿಂದಾಚೆ ಆ ಫ್ಯಾಕ್ಟರಿ ನಮ್ಮ ಕಾಯಿ ಮುಟ್ಟಿಲ್ಲ. ರುದ್ರೇಶ ಮಗಳ ಜೊತೆ ಮಾತು ಬಿಟ್ಟ. ಯುಗಾದಿ ದಿನ ಬೇವು ಬೆಲ್ಲ ಕೊಡುವಾಗ ಬಾಯಿ ಬಿಟ್ಟ.

ಇಷ್ಟನ್ನೂ ಸುನೀತಾ ಕಣ್ಣು ಬಿಟ್ಟುಕೊಂಡು ಕೇಳಿದಳು. ಚೇತು ಚಾನ್ಸು ಏರ್ತಾ ಇದೆ ಅಂತ ನನಗೆ ಖುಷಿಯೋ ಖುಷಿ.

ಕಾಫಿ ಬಂತು. ಸುನೀತಾ ಎದ್ದು ಗಂಡನ ಟೇಬಲ್ಲಿಗೇ ಹೋದಳು. ನಾನೂ ಹಿಂದೆ ಹೋದೆ. "ರೀ, ಇವರಪ್ಪನ ಕಾಯಿ ಲೋಡಿನ ಕಥೆ ಕೇಳಿದ್ರಾ? ಪಾಪ, ತಾನೇ ಹೋಗಿ ಹೇಳಿದಾಳೆ!"

ಚೇತು ನನ್ನ ಕಡೆ ತಿರುಗಿದಳು. ಆ ನೋಟ ಬೇಡ.

ಅವನು ಕನ್ನಡಕ್ಕೆ ಬಂದ. "ಏನದು? ಹೇಳಿ." ಚೇತು ಹೇಳಿದಳು, ನಾನು ಹೇಳಿದ್ದಕ್ಕಿಂತ ಚಿಕ್ಕದಾಗಿ.

"ಇದನ್ನ ಯಾಕೆ ಬರೀಲಿಲ್ಲ?"

"ಸೋತಿದ್ದು ನಾನು ಸರ್. ಬರೆದ್ರೆ ಹೆಸರು ಹೋಗೋದು ಅಪ್ಪಂದು."

"ನಾಳೆ ಮತ್ತೆ ಅದೇ ಲೋಡು ಬಂದ್ರೆ?"

"ಒಡೆಸ್ತೀನಿ."

"ಅಪ್ಪ ಪಕ್ಕದಲ್ಲೇ ನಿಂತಿದ್ರೆ?"

ಚೇತು ಕೋಟಿನ ಗುಂಡಿ ತಿರುವುತ್ತಾ ಕೂತಳು. "ಆಗ ಬೇರೆಯೋರ ಕೈಲಿ ಒಡೆಸಲ್ಲ ಸರ್. ನಾನೇ ಒಡೀತೀನಿ. ಒಡೆದು ಮೊದಲು ಅಪ್ಪಂಗೇ ತೋರಿಸ್ತೀನಿ."

ಅವನು ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ. ಇನ್ನೊಂದು ಕಾಫಿ ತರಿಸಿದ. ಇಂಟರ್‌ವ್ಯೂ ಮುಗಿಯಿತು.

ಇದು ಒಳ್ಳೇದಾ? ಕೆಟ್ಟದ್ದಾ? ಪೆನ್ನು ಮುಚ್ಚಿದ್ದು ಸಾಕು ಅಂತಲಾ? ಎರಡನೇ ಕಾಫಿ ಮೆಚ್ಚಿಗೆಗಾ, ಬೇಜಾರಿಗಾ?

ವಾಪಸ್ ಬಸ್ಸಿನಲ್ಲಿ ಹಳೇಬೀಡು ಕಳೆದ ಮೇಲೆ ಚೇತು ಶುರುಮಾಡಿದಳು.

"ನಿನ್ನ ಯಾರು ಕೇಳಿದ್ರು ಅಜ್ಜಿ?"

"ಅವಳೇ ಕೇಳಿದಳಲ್ಲೇ. ಪರೀಕ್ಷೆ ಅಲ್ವಾ ಅದು?"

"ಅವ್ರು ಸುಮ್ನೆ ಟೈಮ್ ಪಾಸ್‌ಗೆ ಮಾತಾಡಿದ್ದು! ಪರೀಕ್ಷೆ ಆ ಟೇಬಲ್ಲಲ್ಲಿ ನಡೀತಿತ್ತು!"

"ಮತ್ತೆ ಸೋಲು ಬೇಕು ಅಂದಿದ್ದು ನೀನೇ ಅಲ್ವೇನೇ?"

ಅವಳು ಕೋಟು ಬಿಚ್ಚಿ ನನ್ನ ಬ್ಯಾಗಿಗೆ ತುರುಕಿದಳು. ಅರಸೀಕೆರೆ ಬಂತು.

ರಾತ್ರಿ ಊಟಕ್ಕೆ ಕೂತಾಗ ರುದ್ರೇಶ ಕೇಳಿದ, ಏನು ಕೇಳಿದರು ಅಂತ. ಸುತ್ತಿಬಳಸೋದು ನನಗೆ ಬರಲ್ಲ. ಹೇಳಿದೆ.

"ನನ್ನ ಕಾಯಿ ವಿಷಯ ಫ್ರಾನ್ಸ್‌ಗಂಟ ಹೋಯ್ತಾ ಅವ್ವಾ?"

"ಇನ್ನೂ ಹೋಗಿಲ್ಲ ಕಣಪ್ಪ. ಬೇಲೂರಲ್ಲೈತೆ."

"ನಿನ್ನ ಬಾಯಿಗೊಂದು ಬಾಗಿಲಿಲ್ಲ." ಅನ್ನ ಕಲಸೋದು ನಿಲ್ಲಿಸಿದ. "ಅವ್ಳೇನಂದ್ಲು?"

ಬರೆದರೆ ಅಪ್ಪನ ಹೆಸರು ಹೋಗುತ್ತೆ ಅಂದದ್ದು ಹೇಳಿದೆ. ನಾನೇ ಒಡೆದು ಮೊದಲು ಅಪ್ಪಂಗೇ ತೋರಿಸ್ತೀನಿ ಅಂದದ್ದನ್ನೂ ಹೇಳಿದೆ. ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಕೊಟ್ಟಿಗೆ ಕಡೆ ಹೋದ. ಹಸು ಕಟ್ಟಬೇಕಂತೆ. ಹಸು ಆಗಲೇ ಕಟ್ಟಿತ್ತು.

ಚೇತು ಮಾರನೇ ದಿನವೇ ಬ್ರೌಸಿಂಗ್ ಸೆಂಟರ್‌ಗೆ ಓಡಿದಳು. ಇಂಟರ್‌ವ್ಯೂ ಮಾಡಿದವರು ಎರಡನೇ ಕಾಫಿ ತರಿಸಿದರು, ನನ್ನ ಚಾನ್ಸ್ ಎಷ್ಟು ಅಂತ ಕೇಳಿದಳು. ಅದಕ್ಕೂ ಉತ್ತರ ಕೊಟ್ಟರಂತೆ! ಬ್ಲಾಕ್ ಕಾಫಿನಾ, ಹಾಲಿಂದಾ ಅಂತ ಒಬ್ಬ ಕೇಳಿದ್ದಾನೆ. ದೇವರೇ ಕಾಪಾಡಬೇಕು.

ಮೊನ್ನೆ ಫ್ರಾನ್ಸಿನಿಂದ ಉತ್ತರ ಬಂತು. ಸೀಟು ಕೊಟ್ಟಿದ್ದೀವಿ ಅಂತಲ್ಲ, ಕೊಡಲ್ಲ ಅಂತಲೂ ಅಲ್ಲ. ವೇಟಿಂಗ್ ಲಿಸ್ಟಂತೆ.

ವೇಟಿಂಗ್ ಲಿಸ್ಟ್ ಅಂದರೆ ಏನು ಅಂತ ನನಗೆ ಹೇಳಿಕೊಡಬೇಕಾ? ರೈಲ್ವೆ ಜಂಕ್ಷನ್ನಿನ ಊರವಳು ನಾನು. ಆದರೆ ರೈಲಿನದರಲ್ಲಿ ನಂಬರಾದರೂ ಇರುತ್ತೆ. ಎಷ್ಟನೇದು ಅಂತ ಕೇಳಿದರೆ, ಈ ಲಿಸ್ಟಿಗೆ ನಂಬರ್ ಇಲ್ಲ ಅಜ್ಜಿ ಅಂತಾಳೆ. ಯಾವಾಗ ಗೊತ್ತಾಗುತ್ತೆ ಅಂದರೆ, ಅದೂ ಹೇಳಿಲ್ಲ ಅಂತಾಳೆ. ಅಷ್ಟು ದುಬಾರಿ ಕಾಲೇಜು, ಹೂಂ ಊಹೂಂ ಎರಡರಲ್ಲಿ ಒಂದು ಹೇಳೋಕಾಗಲ್ವಾ?

ಈಗ ಮನೇಲಿ ಯಾರಿಗೂ ದಿಕ್ಕು ತೋಚ್ತಿಲ್ಲ. ಸಿಕ್ಕರೆ ಫ್ರಾನ್ಸು, ಸಿಗದಿದ್ದರೆ ತಿಪಟೂರು ಅಂತ ಕರಾರಾಗಿತ್ತು. ಸಿಕ್ಕೂ ಇಲ್ಲ, ತಪ್ಪಿಯೂ ಇಲ್ಲ ಅಂದರೆ ಏನು ಮಾಡೋದು ಅಂತ ಅಪ್ಪನೂ ಹೇಳಿರಲಿಲ್ಲ, ಮಗಳೂ ಕೇಳಿರಲಿಲ್ಲ. ನನ್ನ ಮಾತಿನಿಂದ ಸೀಟು ಕೈತಪ್ಪಿತೋ, ಇಲ್ಲ ಅನ್ನಬೇಕಾಗಿದ್ದವರು ಅದರಿಂದಲೇ ಇಷ್ಟಾದರೂ ಅಂದರೋ, ಅದೂ ಗೊತ್ತಿಲ್ಲ. ಚೇತು ಒಂದು ದಿನ ಬೈತಾಳೆ, ಒಂದು ದಿನ ತಬ್ಬಿಕೊಳ್ತಾಳೆ.

ನಿನ್ನೆ ಸಂಜೆ ತಿಪಟೂರಿನವರ ಫೋನು ಬಂತು. ಹುಡುಗನ ಸೋದರಮಾವ. ಚೇತು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟಳು. ಮಾತು ಅಂದರೆ ಮಾತು ಅನ್ನೋನು ನನ್ನ ಮಗ. ಇವತ್ತಿಗೆ ಮುಗೀತು ಅಂದುಕೊಂಡೆ. ರುದ್ರೇಶ ಎದ್ದು ಹೋಗಿ ಫೋನು ತಗೊಂಡ.

"ಹೂಂ ಕಣ್ರೀ... ಇಲ್ಲ, ಕಾಲೇಜಿಂದು ಇನ್ನೂ ತೀರ್ಮಾನ ಆಗಿಲ್ಲ... ಎಷ್ಟು ದಿನ ಅಂತ ಹೇಳಕ್ಕಾಗಲ್ಲ... ಕಾಯ್ಬೇಕು ಕಣ್ರೀ. ಆಗಲ್ಲ ಅಂದ್ರೆ ನಿಮ್ಮಿಷ್ಟ."

ಫೋನಿಟ್ಟು, ಯಾರ ಮುಖವನ್ನೂ ನೋಡದೆ ಪೇಪರ್ ಎತ್ತಿಕೊಂಡ.

ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ "ಕಾಯ್ಬೇಕು" ಅಂದದ್ದನ್ನು ನಾನು ಈ ಜನ್ಮದಲ್ಲಿ ಕೇಳಿದ್ದು ಇದೇ ಮೊದಲು. ಹಾಗೆ ಅನ್ನಬಹುದು ಅಂತ ನಮ್ಮ ಕಾಲದಲ್ಲಿ ಯಾರೂ ಯಾಕೆ ಹೇಳಲಿಲ್ಲ?