ಅಡುಗೆಮನೆಯ ಮಾತಿಗೆ ಸಬ್‌ಟೈಟಲ್

2023ರಲ್ಲಿ ನಾನು ಚಿತ್ರದುರ್ಗದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು, ಕೊಲ್ಲಿಯ ಒಂದು ನಗರದ ಕಲಾಕೇಂದ್ರಕ್ಕೆ ಸಬ್‌ಟೈಟಲ್ ಬರೆದುಕೊಡುತ್ತಿದ್ದೆ. ಅದಕ್ಕೂ ಮೊದಲು ಅದೇ ನಗರದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷ ದುಭಾಷಿಯಾಗಿದ್ದೆ. ನಮ್ಮ ಕಡೆಯ ಕಟ್ಟಡ ಕೆಲಸದವರು, ಮನೆಗೆಲಸದ ಹೆಂಗಸರು ಎಲ್ಲಿ ನೋವು, ಎಷ್ಟು ದಿನದಿಂದ ನೋವು ಎಂದು ಹೇಳಿದ್ದನ್ನು ಡಾಕ್ಟರಿಗೆ ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ದಾಟಿಸುವುದು ನನ್ನ ಕೆಲಸ. ಯಜಮಾನರು ನಿವೃತ್ತರಾಗಿ ಊರಿಗೆ ಬಂದ ಮೇಲೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ ಎಂದು ಇದನ್ನು ಹಿಡಿದೆ. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಏಕೆಂದು ಓದುತ್ತಾ ಗೊತ್ತಾಗುತ್ತದೆ.

ಆ ಕೇಂದ್ರದವರು ತಿಂಗಳಿಗೊಂದು ಸಂವಾದ ನಡೆಸುತ್ತಿದ್ದರು. ವೇದಿಕೆಯ ಮೇಲೆ ಒಬ್ಬ ಸಮಕಾಲೀನ ಕಲಾವಿದ, ಒಬ್ಬ ಸಿನಿಮಾ ನಿರ್ದೇಶಕ. ನಡುವೆ ಒಂದು ಸಣ್ಣ ಮೇಜು, ಎರಡು ನೀರಿನ ಲೋಟ. ಮಾತು ಅರಬ್ಬಿಯಲ್ಲಿ ಶುರುವಾಗಿ ಇಂಗ್ಲಿಷಿಗೆ ಹಾರಿ ಮತ್ತೆ ಅರಬ್ಬಿಗೆ ಬರುತ್ತದೆ. ಅವರು ತೋರಿಸುವ ವಿಡಿಯೊ ತುಣುಕುಗಳಲ್ಲಿ ಹಿಂದಿ, ತೆಲುಗು, ಉರ್ದು ಮಾತನಾಡುವ ಕೆಲಸಗಾರರು ಇರುವುದರಿಂದ ನನ್ನಂಥವಳು ಬೇಕಾಗುತ್ತಿತ್ತು. ಕಲಾವಿದರು ಎರಡು ಮಾತಿನಲ್ಲಿ ಮುಗಿಯುವುದನ್ನು ಇಪ್ಪತ್ತು ಮಾತಿನಲ್ಲಿ ಹೇಳುತ್ತಾರೆ. ಪರದೆಯಲ್ಲಿ ನನಗೆ ಸಿಗುವುದು ಸುಮಾರು ನಲವತ್ತು ಅಕ್ಷರಗಳ ಎರಡು ಸಾಲು. ಮದುವೆಮನೆಯಲ್ಲಿ ಉಳಿದ ಅನ್ನವನ್ನೆಲ್ಲ ಟಿಫಿನ್ ಡಬ್ಬಿಗೆ ತುಂಬು ಎಂದಂತೆ. ಬೈದುಕೊಳ್ಳುತ್ತಲೇ ತುಂಬುತ್ತಿದ್ದೆ. ನನಗಿದ್ದದ್ದು ಒಂದೇ ನಿಯಮ: ಆಡಿದ್ದನ್ನು ಬರೆಯಬೇಕು, ಆಡದ್ದನ್ನು ಬರೆಯಬಾರದು.

ರಂಜಾನ್ ಉಪವಾಸ ಶುರುವಾಗುವ ಹೊತ್ತಿಗೆ ಬಂದ ಕಡತದಲ್ಲಿ ನೂರಾ ಎಂಬ ಯುವ ವಿಡಿಯೊ ಕಲಾವಿದೆ ಮತ್ತು ಯೂಸುಫ್ ಎಂಬ ಹಿರಿಯ ನಿರ್ದೇಶಕರ ಸಂವಾದವಿತ್ತು. ನಡುವೆ ನೂರಾ ತನ್ನ ನಾಲ್ಕು ನಿಮಿಷದ ತುಣುಕು ತೋರಿಸಿದಳು. ಒಂದು ದೊಡ್ಡ ಮನೆಯ ಅಡುಗೆಕೋಣೆ. ಮುಖ ಕಾಣುವುದಿಲ್ಲ, ಎರಡು ಕೈ ಮಾತ್ರ. ದ್ರಾಕ್ಷಿ ಎಲೆಯಲ್ಲಿ ಅನ್ನ ಇಟ್ಟು ಬೀಡಿಗಾತ್ರಕ್ಕೆ ಸುತ್ತಿ ಪಾತ್ರೆಯಲ್ಲಿ ಜೋಡಿಸುತ್ತಿವೆ. ಹಿಂದಿನಿಂದ ಹೆಣ್ಣುದನಿ ಏನನ್ನೋ ಹೇಳುತ್ತಿದೆ; ಸಭಾಂಗಣದ ಧ್ವನಿಮುದ್ರಣದಲ್ಲಿ ಅದು ಯಾವ ಭಾಷೆ ಎಂದೂ ತಿಳಿಯಲಿಲ್ಲ. ಸಬ್‌ಟೈಟಲ್ ಇಲ್ಲ.

"ನಿನಗೆ ಇಷ್ಟ ಬಂದದ್ದನ್ನು ನಿನ್ನ ಭಾಷೆಯಲ್ಲಿ ಹೇಳು, ಯಾರಿಗೂ ಅರ್ಥವಾಗುವುದಿಲ್ಲ ಎಂದು ಅವಳಿಗೆ ಹೇಳಿದೆ," ಎಂದಳು ನೂರಾ. "ಅರ್ಥವನ್ನು ನಾನೂ ಕೇಳಲಿಲ್ಲ. ನೋಡುವವರು ಬಾಗಿಲ ಹೊರಗೇ ನಿಲ್ಲಬೇಕು. ಅದೇ ನನ್ನ ಕೃತಿ."

ಯೂಸುಫ್ ಒಪ್ಪಲಿಲ್ಲ. "ಸಿನಿಮಾದವರು ಇದನ್ನು ಗೌರವ ಎನ್ನುವುದಿಲ್ಲ, ಸೋಮಾರಿತನ ಎನ್ನುತ್ತೇವೆ. ಒಬ್ಬಳು ನಾಲ್ಕು ನಿಮಿಷ ಮಾತಾಡಿದ್ದಾಳೆ, ನೀನು ಅದನ್ನು ಪಾತ್ರೆ ಸದ್ದಿನ ಹಾಗೆ ಬಳಸಿದ್ದೀಯ." ಸಭೆ ಚಪ್ಪಾಳೆ ತಟ್ಟಿತು. ನನಗೂ ಮುದುಕರ ಮಾತೇ ಸರಿ ಎನಿಸಿತು. ಕೊನೆಗೆ ನೂರಾ ಸೋತು, ತುಣುಕಿಗೆ ಸಬ್‌ಟೈಟಲ್ ಹಾಕಿಸಿ, ಹಬ್ಬಕ್ಕೆ ಮೊದಲೇ ದೊಡ್ಡ ಸಭಾಂಗಣದಲ್ಲಿ ತೋರಿಸಿ ಮತ್ತೆ ಮಾತಾಡೋಣ ಎಂದಳು. ಹಾಗೆ ಅದು ನನ್ನ ಬಳಿ ಬಂತು.

ಇಯರ್‌ಫೋನ್ ಹಾಕಿಕೊಂಡು ತುಣುಕನ್ನು ಮೊದಲಿಂದ ಕೇಳಿದೆ. ಬೆನ್ನು ನೆಟ್ಟಗಾಯಿತು. ಕನ್ನಡ, ಅದರಲ್ಲೂ ನಮ್ಮ ಹೊಸದುರ್ಗದ ಕಡೆಯ ಕನ್ನಡ.

"ಯಾರಿಗೂ ತಿಳಿಯಲ್ಲ ಅಂತ ಹೇಳ್ಯಾರೆ, ಅದುಕ್ಕೆ ಹೇಳ್ತೀನಿ. ನಾನು ಮಂಜುಳ. ನಮ್ಮಕ್ಕ ಮತ್ತೋಡಿನಾಗೆ ಬಟ್ಟೆ ಹೊಲೀತಾಳೆ. ಎಲ್ಡು ವರ್ಷಕ್ಕಂತ ಬಂದೆ, ನಾಕಾತು. ಹೊಡೆಯಲ್ಲ, ಬಡಿಯಲ್ಲ. ಕಳ್ಸಲ್ಲ, ಅಷ್ಟೆ. ಪಾಸ್‌ಪೋರ್ಟ್ ಕೇಳಿದ್ರೆ ನಗ್ತಾರೆ."

ಆಮೇಲೆ ದನಿ ತಗ್ಗಿತು. ಹಬ್ಬ ಆದ ಮೇಲೆ ಮನೆಯವರೆಲ್ಲ ಸಮುದ್ರದ ಕಡೆ ಹೋಗುತ್ತಾರೆ, ಆವತ್ತು ತಾನು ಹೊರಟುಬಿಡುತ್ತೇನೆ ಎಂದಳು. ಪಾಸ್‌ಪೋರ್ಟ್ ಎಲ್ಲಿದೆ, ಯಾವ ಬಾಗಿಲು, ಯಾರ ಸಹಾಯ, ಎಲ್ಲ ಹೇಳಿದಳು. ಸಹಾಯ ಮಾಡುವವರ ಹೆಸರನ್ನೂ ಹೇಳಿದಳು. ಎದೆಯೊಳಗೆ ಎಷ್ಟು ದಿನದಿಂದ ಒತ್ತಿಟ್ಟುಕೊಂಡಿದ್ದಳೋ, ಕೈ ಎಲೆ ಸುತ್ತುವುದನ್ನು ನಿಲ್ಲಿಸಲೇ ಇಲ್ಲ.

ತುಣುಕಿನ ಕೊನೆಯಲ್ಲಿ ಕೃತಜ್ಞತೆಯ ಪಟ್ಟಿ ಬಂತು. ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟ ದಂಪತಿಯ ಹೆಸರು ಮೊದಲಿತ್ತು. ಕಲಾಕೇಂದ್ರಕ್ಕೆ ಅವರು ದೊಡ್ಡ ಪೋಷಕರು. ಪ್ರತಿ ಸಂವಾದದಲ್ಲೂ ಮುಂದಿನ ಸಾಲಿನಲ್ಲಿ ಆ ಯಜಮಾನಿಯನ್ನು ನಾನು ನೋಡಿದ್ದೆ. ನನ್ನ ಸಬ್‌ಟೈಟಲನ್ನು ಮೊದಲು ಓದುವವರೇ ಅವರು. ಬರೆದರೆ ಮಂಜುಳ ಸಿಕ್ಕಿಬೀಳುತ್ತಾಳೆ, ಜೊತೆಗೆ ಸಹಾಯ ಮಾಡುವವರೂ. ಸುಳ್ಳು ಬರೆಯಲು ಮನಸ್ಸಿಲ್ಲ, ಬರೆದರೂ ಎರಡನೆಯವರೊಬ್ಬರು ಕೇಳಿ ತಾಳೆ ನೋಡುತ್ತಾರೆ. ಆಗುವುದಿಲ್ಲ ಎಂದು ವಾಪಸು ಕೊಟ್ಟರೆ ಬೆಂಗಳೂರಿನ ಇನ್ಯಾರೋ ಟೀ ಕುಡಿಯುತ್ತಾ ಅರ್ಧ ಗಂಟೆಯಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಯಾವ ಕಡೆ ತಿರುಗಿದರೂ ಅವಳೇ ಕಾಣುತ್ತಿದ್ದಳು.

ಇಂಥದ್ದೊಂದು ಕಷ್ಟ ಎಂದಷ್ಟೇ ಹೇಳಿದ್ದಕ್ಕೆ ನಮ್ಮ ಯಜಮಾನರು "ನಮಗ್ಯಾಕೆ ಊರ ಉಸಾಬರಿ" ಎಂದರು. ಅವರ ಮೇಲೆ ರೇಗಿದೆ. ಮರುದಿನ ಬೆಳಿಗ್ಗೆ ಹೊಸದುರ್ಗದ ಬಸ್ ಹತ್ತಿ, ಅಲ್ಲಿಂದ ಮತ್ತೋಡಿಗೆ ಹೋದೆ. ಅಕ್ಕನ ಮೂಲಕವಾದರೂ ಅವಳಿಗೆ ಒಂದು ಮಾತು ಮುಟ್ಟಿಸಬಹುದು ಎಂಬ ಆಸೆ.

ಕೊಲ್ಲಿಗೆ ಹೋದ ಮಂಜುಳಳ ಅಕ್ಕ, ಬಟ್ಟೆ ಹೊಲಿಯುವವಳು ಎಂದ ಕೂಡಲೇ ತಿಪ್ಪಕ್ಕನ ಮನೆ ತೋರಿಸಿದರು. ಅವಳು ಮೆಷಿನ್ ಬಿಟ್ಟು ಎದ್ದು, "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಹಾಸಿದಳು. ನಾನು ಆ ದೇಶದಲ್ಲಿದ್ದೆ, ನಿಮ್ಮ ತಂಗಿಯ ಸುದ್ದಿ ಕೇಳೋಣ ಎಂದು ಬಂದೆ ಎಂದಷ್ಟೇ ಹೇಳಿದೆ. ಕಡತದ ಮಾತನ್ನು ಯಾರಿಗೂ ಹೇಳುವಂತಿಲ್ಲ ಎಂದು ಕರಾರಿಗೆ ಸಹಿ ಹಾಕಿದ್ದೆ. ಅದಕ್ಕಿಂತ ಹೆಚ್ಚಾಗಿ, ತಿಪ್ಪಕ್ಕ ಹೆದರಿ ಫೋನಿನಲ್ಲಿ ಏನಾದರೂ ಅಂದುಬಿಟ್ಟರೆ ಎಂಬ ಭಯ.

"ಫೋನ್ ಮಾಡ್ತಾಳೇನಮ್ಮ?"

"ಮಾಡ್ತಾಳ್ರಿ ಮೇಡಂ, ತಿಂಗ್ಳಿಗೊಂದ್ಸಲ. ಆದ್ರೆ ಹಿಂದಿನಾಗೆ ಮಾತಾಡ್ತಾಳೆ."

"ನಿಮಗೆ ಹಿಂದಿ ಬರುತ್ತಾ?"

"ಎಲ್ಲಿಂದ ಬರ್ತೈತೆ! ಮೊದ್ಲ ಸಲ ಮಾಡ್ದಾಗ ಕನ್ನಡದಾಗೆ ಹೇಳಿದ್ಲು, ಆ ಮನೆಯಮ್ಮ ಪಕ್ಕದಾಗೇ ಇರ್ತಾಳಂತೆ, ಸ್ಪೀಕರ್ ಹಾಕ್ಕಂಡು. ಅವ್ರಿಗೆ ತಿಳಿಯೋ ಭಾಷೆನಾಗೇ ಮಾತಾಡ್ಬೇಕಂತೆ. ನಾನು ಅಚ್ಛಾ ಅಚ್ಛಾ ಅಂತೀನಿ. ಇಡೋವಾಗ ಒಂದ್ಸಲ ಅಕ್ಕಾ ಅಂತಾಳೆ ನೋಡ್ರಿ, ಅದೊಂದೇ ನಂಗೆ ತಿಳಿಯೋದು."

ತಿಪ್ಪಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಂಜುಳ ನಾಲ್ಕು ವರ್ಷದಲ್ಲಿ ಮನಸ್ಸು ಬಿಚ್ಚಿ ಕನ್ನಡ ಆಡಿದ್ದು ಆ ಕ್ಯಾಮೆರಾದ ಮುಂದೆ ಮಾತ್ರ. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಅವಳಿಗೆ ಎಚ್ಚರಿಕೆ ಮುಟ್ಟಿಸುವ ದಾರಿ ಅಲ್ಲಿಗೆ ಮುಚ್ಚಿತು.

ಉಳಿದದ್ದು ನೂರಾ. ಅವಳನ್ನು ನಂಬಬಹುದೋ ಇಲ್ಲವೋ ತಿಳಿಯದು; ಆ ಮನೆಯಲ್ಲಿ ಉಂಡು ತಿಂದು ಚಿತ್ರ ತೆಗೆದವಳು. ಎರಡು ದಿನ ಯೋಚಿಸಿ ಫೋನ್ ಮಾಡಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ.

"ಮೊದಲ ವಾಕ್ಯವನ್ನು ಮಾತ್ರ ಅನುವಾದಿಸುತ್ತೇನೆ," ಎಂದೆ. "'ಇದು ಯಾರಿಗೂ ತಿಳಿಯುವುದಿಲ್ಲ ಎಂದು ಹೇಳಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.' ನೀವು ಅವಳಿಗೆ ಕೊಟ್ಟ ಮಾತು ಅದು. ಅವಳ ಒಪ್ಪಿಗೆ ಇಲ್ಲದೆ ನಾನು ಮುಂದೆ ಬರೆಯುವುದಿಲ್ಲ, ಬೇರೆಯವರಿಂದ ಬರೆಸಲೂ ಬೇಡಿ."

ಅವಳು ಮೆಲ್ಲಗೆ ಕೇಳಿದಳು, "ಮನೆಯವರ ಬಗ್ಗೆಯೇ?"

ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಉತ್ತರವಾಯಿತು ಎಂದು ಹೊಳೆದಾಗ ಫೋನ್ ಆಗಲೇ ಕಟ್ಟಾಗಿತ್ತು. ಮರುದಿನ ಅವಳಿಂದ ಒಂದು ಸಾಲಿನ ಸಂದೇಶ: "ಅನುವಾದ ಬೇಡ. ನಾನು ನೋಡಿಕೊಳ್ಳುತ್ತೇನೆ." ಆವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಎರಡನೆಯ ಸಂವಾದ ಉಪವಾಸದ ಕೊನೆಯ ವಾರದ ಒಂದು ಸಂಜೆ. ನೇರಪ್ರಸಾರವಿತ್ತು, ಲ್ಯಾಪ್‌ಟಾಪ್ ಮುಂದೆ ಕೂತೆ. ಮುಂದಿನ ಸಾಲಿನಲ್ಲಿ ಯಜಮಾನಿ ನಗುನಗುತ್ತಾ ಕೂತಿದ್ದಳು. ದೀಪ ಆರಿತು. ಕೈಗಳು ಬಂದವು, ದನಿ ಬಂತು. ಆಗ ನಾನು ಕನಸಿನಲ್ಲೂ ಎಣಿಸದ್ದು ಆಯಿತು. ಪರದೆಯ ಕೆಳಗೆ ಬಿಳಿ ಅಕ್ಷರದಲ್ಲಿ ಆ ವಾಕ್ಯ ಮೂಡಿತು: ಇದು ಯಾರಿಗೂ ತಿಳಿಯುವುದಿಲ್ಲ ಎಂದು ಹೇಳಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಆಮೇಲೆ ಏನೂ ಇಲ್ಲ. ನಾಲ್ಕು ನಿಮಿಷ ಖಾಲಿ.

"ಅಯ್ಯೋ ಪುಣ್ಯಾತಗಿತ್ತಿ!" ಎಂದು ನಾನು ಕೂಗಿದ್ದು ಕೆಳಗಿನ ಮನೆಗೂ ಕೇಳಿಸಿತಂತೆ. ನೂರಾಗೆ ಆ ವಾಕ್ಯದ ಚೆಲುವು ಕಂಡಿತ್ತು, ಅಪಾಯ ಕಂಡಿರಲಿಲ್ಲ. ಕಲಾವಿದರು ಮಾತ್ರ ಮಾಡಬಲ್ಲ ತಪ್ಪು. ಯೂಸುಫ್ ಅವಳ ಕೈಹಿಡಿದು, ಇವತ್ತು ನೀನು ಗೆದ್ದೆ, ಈ ಖಾಲಿ ಜಾಗದಲ್ಲಿ ಅವಳನ್ನು ಮೊದಲ ಸಲ ಕೇಳಿದೆ ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಗ ಮೈಕು ಮುಂದಿನ ಸಾಲಿಗೆ ಹೋಯಿತು. ಯಜಮಾನಿ ಎದ್ದು ನಿಂತಳು. "ಅದು ನಮ್ಮ ಅಡುಗೆಮನೆ. ಅವಳು ನಮ್ಮ ಮನೆಯವಳ ಹಾಗೆ. ಇಷ್ಟೊಂದು ಗುಟ್ಟು ಏನಿದೆಯೋ, ಇವತ್ತು ಮನೆಗೆ ಹೋಗಿ ಅವಳನ್ನೇ ಕೇಳುತ್ತೇನೆ!"

ಸಭೆಯೆಲ್ಲ ನಕ್ಕಿತು. ನೂರಾಳ ಮುಖ ಬಿಳಿಚಿಕೊಂಡಿದ್ದು ಪರದೆಯಲ್ಲೂ ಕಾಣಿಸಿತು. ಆಗ ಅವಳಿಗೆ ಅರ್ಥವಾಗಿರಬೇಕು. ಯಜಮಾನಿಯ ಕಾರು ಮನೆ ತಲುಪಲು ಎಷ್ಟು ಹೊತ್ತು ಬೇಕು, ಮಂಜುಳ ಈಗ ಏನು ಮಾಡುತ್ತಿರಬಹುದು, ಪಾತ್ರೆ ತೊಳೆಯುತ್ತಿರುತ್ತಾಳೆಯೇ ಎಂದು ಯೋಚಿಸುತ್ತಾ ಕೂತೆ. ಆಸ್ಪತ್ರೆಯಲ್ಲಿ ಸಾಯುವವರ ಮಾತನ್ನೂ ದಾಟಿಸಿದವಳು ನಾನು. ಆವತ್ತಿನಷ್ಟು ಹೆದರಿದ್ದು ಇನ್ನೊಂದು ದಿನ ಇಲ್ಲ.

ಮುಂದೆ ಹಬ್ಬದವರೆಗೂ, ಅದರ ಮೇಲೂ ಹಲವು ದಿನ ಏನೂ ತಿಳಿಯಲಿಲ್ಲ. ನೂರಾ ಆ ಮನೆಗೆ ಎರಡು ಸಲ ಹೋದಳಂತೆ, ಮಂಜುಳಳನ್ನು ಕಾಣಲು ಬಿಡಲಿಲ್ಲವಂತೆ. ಫೋನ್ ಸದ್ದಾದರೆ ಬೆಚ್ಚಿಬೀಳುತ್ತಿದ್ದೆ. ಒಂದು ಮಧ್ಯಾಹ್ನ, ಮತ್ತೋಡಿನಲ್ಲಿ ನಾನು ಬರೆದುಕೊಟ್ಟು ಬಂದಿದ್ದ ನಂಬರಿಗೆ ತಿಪ್ಪಕ್ಕ ಫೋನ್ ಮಾಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. "ನಮ್ಮ ಮಂಜಿ ನಮ್ ದೇಶದ ಆಫೀಸ್ನಾಗೆ ಅವ್ಳಂತೆ ಮೇಡಂ! ರಾಯಭಾರಿ ಕಚೇರಿ ಅಂತಾರಲ್ಲ, ಅಲ್ಲಿ. ಬತ್ತಾಳಂತೆ!" ಅವಳು ಹೇಗೆ ಅಲ್ಲಿಗೆ ಮುಟ್ಟಿದಳು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆ ಮಳೆಗಾಲದಲ್ಲಿ ಮಂಜುಳ ಅಕ್ಕನ ಜೊತೆ ನಮ್ಮ ಮನೆಗೆ ಬಂದಳು. ನಾನು ಎಣಿಸಿದ್ದಕ್ಕಿಂತ ಕುಳ್ಳಗೆ, ಮಾತು ಜಾಸ್ತಿ. ಆವತ್ತು ಯಜಮಾನಿ ಕೇಳಿದಾಗ ಏನಂದೆ ಎಂದು ಕೇಳಿದೆ.

"ಮುದ್ದೆ ಮಾಡೋದು ಹೆಂಗೆ ಅಂತ ಹೇಳ್ದೆ ಅಂದೆ, ಮೇಡಂ. ಎಸರು ಇಡೋದು, ಹಿಟ್ಟು ಹಾಕೋದು, ಕೋಲಿನಾಗೆ ತಿರುವೋದು, ಎಲ್ಲಾ ಹಿಂದಿನಾಗೆ ಹೇಳ್ದೆ. ಕೈಕಾಲು ಗಡಗಡ ಅಂತಿದ್ವು. ಅವ್ರು ಕೇಳಿ ಕೇಳಿ, ಹಬ್ಬ ಆಗ್ಲಿ, ರಾಗಿ ತರಿಸ್ತೀನಿ, ಮಾಡು ಅಂದ್ರು!"

ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನೂರಾ ಕ್ಷಮೆ ಕೇಳಿ ಕಾಗದ ಬರೆದಿದ್ದಳು. ಮಂಜುಳ ಒಪ್ಪಿದರೆ ಮಾತ್ರ, ಅವಳು ಹೇಳಿದ ಹಾಗೆ ಸಬ್‌ಟೈಟಲ್ ಹಾಕೋಣ ಎಂದಿದ್ದಳು. ಅದನ್ನು ಓದಿ ಹೇಳಿದೆ. "ಹಾಕ್ರಿ, ನನ್ನ ಹೆಸ್ರೂ ಹಾಕ್ರಿ, ನಂಗೇನು ಭಯ ಈಗ" ಎಂದಳು. ಇಬ್ಬರೂ ಕೂತು ಕೇಳುತ್ತಾ ಹೋದೆವು. ನಾನು ಒಂದೊಂದೇ ಸಾಲು ಬರೆದು ಓದಿ ಹೇಳುವುದು, ಅವಳು ಹೂಂ ಎನ್ನುವುದು. ಹದಿನಾಲ್ಕು ವರ್ಷ ದುಭಾಷಿಯಾಗಿದ್ದರೂ, ಆಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ಹೇಳಲೇ ಎಂದು ಕೇಳಿ ಬರೆದದ್ದು ಅದೇ ಮೊದಲು. ಮಾತು ತಿಳಿದವರಿಗೆ ಅದನ್ನು ದಾಟಿಸುವ ಹಕ್ಕೂ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಬರುವುದಿಲ್ಲ. ಅದು ಈ ಕೆಲಸ ನನಗೆ ಕಲಿಸಿದ್ದು, ಬಹಳ ತಡವಾಗಿ.

ಸಹಾಯ ಮಾಡಿದವರ ಹೆಸರು ಬರುವ ಜಾಗಕ್ಕೆ ಬಂದೆವು. ಮಂಜುಳ ಥಟ್ಟನೆ ಕೈ ಚಾಚಿ ಪರದೆಯನ್ನೇ ಮುಚ್ಚಿದಳು. ನಗು ಮುಖದಿಂದ ಹೋಗಿಬಿಟ್ಟಿತ್ತು.

"ಇಷ್ಟು ಬಿಡ್ರಿ ಮೇಡಂ. ಅವ್ರು ಇನ್ನಾ ಅಲ್ಲೇ ಅದಾರೆ."

ಆ ನಾಲ್ಕು ಸಾಲು ಬಿಟ್ಟೆ. ಸಬ್‌ಟೈಟಲ್ ಪೂರ್ತಿಯಾಗದೆ ತುಣುಕನ್ನು ಯಾರಿಗೂ ತೋರಿಸಬಾರದು ಎಂದು ನೂರಾಗೆ ಹೇಳಿದೆ, ಅವಳು ಒಪ್ಪಿದಳು. ಕಲಾಕೇಂದ್ರದವರು ಮಾತ್ರ ಈಗಲೂ ಆಗಾಗ ಬರೆದು ಕೇಳುತ್ತಾರೆ, ಆ ಕೆಲಸ ಯಾವಾಗ ಮುಗಿಯುತ್ತದೆ ಎಂದು. ನಾನು ಮತ್ತೋಡಿಗೆ ಫೋನ್ ಮಾಡಿ, ಅವರು ಬಂದರಾ ಎಂದು ವಿಚಾರಿಸುತ್ತೇನೆ. ಇಲ್ಲ ಎನ್ನುತ್ತಾಳೆ ಮಂಜುಳ. ಇನ್ನೂ ಸ್ವಲ್ಪ ಸಮಯ ಬೇಕು ಎಂದು ಕೇಂದ್ರದವರಿಗೆ ಉತ್ತರ ಬರೆಯುತ್ತೇನೆ.