ಹಲ್ಲು ಬರೋತನಕದ ಪರ್ಮಿಟ್

ನನ್ನ ಬಾಯಿ ಮೊದಲಿಂದಲೂ ದೊಡ್ಡದು. ಬೀದರದಾಗ ನಮ್ಮ ಓಣಿಗೆ ಓಣೀನೇ ಹಂಗ ಅಂತಿತ್ತು, ನನಗದರ ನಾಚಿಕಿ ಇಲ್ಲ. ಪರ್ಮಿಟ್ ಸಾಹೇಬನ ಮುಂದ ಗಂಡಸರೆಲ್ಲ ಕೈ ಕಟ್ಟಿ ನಿಂತಾಗ ಮಾತಾಡಿದಾಕಿ ನಾನೊಬ್ಬಾಕಿ. ಆಗಿನ್ನೂ ನನ್ನ ಲಗ್ನ ಸೈತ ಆಗಿರಲಿಲ್ಲ, ಔರಾದದ ಕಡೆ ಮಾತು ನಡದಿತ್ತು ಅಷ್ಟೇ.

ಬಾಜೂ ಮನಿ ಸಾಬರ ಹೆಣ್ಣುಮಗಳಿಗೆ ನಾ ಖಾಲಾ, ಅಂದ್ರ ಚಿಕ್ಕವ್ವ, ಅಂತಿದ್ದೆ; ಆಕಿ ಮಗಳು ನನ್ನ ಜೋಡಿ ಕುಂಟಬಿಲ್ಲಿ ಆಡಿ ಬೆಳದಾಕಿ. ಆಕಿ ಗಂಡ ನಿಜಾಮನ ಕಚೇರ್ಯಾಗ ಕಾರಕೂನ ಇದ್ದ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋಯ್ತು, ನೌಕ್ರಿ ಹೋಯ್ತು, ಅಂವ ಹೆಂಡ್ತಿನ್ನ ಕರಕೊಂಡು ಕರಾಚಿಗೆ ಹೋದ. ಚೊಚ್ಚಲ ಹೆರಿಗಿ ತವರಾಗೇ ಆಗಬೇಕಲ್ಲ, ಅದಕ್ಕ ಗೆಳತಿ ತಿರುಗಿ ಬಂದ್ಳು. ಆದ್ರ ಈಗ ಹುಟ್ಟಿದ ಊರಿಗೆ ಬರಲಾಕ ಪರ್ಮಿಟ್ ಬೇಕು! ಅದರ ಮುದ್ದತು ಮುಗೀತಂದ್ರ ವಾಪಸ್ ಹೋಗಬೇಕು, ಇಲ್ಲಾಂದ್ರ ಪೊಲೀಸರೇ ಒಯ್ದು ಗಡಿ ದಾಟಿಸಿ ಬರ್ತಾರ.

ಹೆಣ್ಣುಕೂಸು ಹುಟ್ಟಿತು. ಒಂದಿನ ಗೆಳತಿ ತಲಿಗೆ ಎಣ್ಣಿ ಹಚ್ಚುವಾಗ ಕೂದಲದಾಗ ಉದ್ದಕೊಂದು ಗಾಯದ ಕಲಿ ಕೈಗೆ ಹತ್ತಿತು. "ಬಿದ್ದಿದ್ದೆ" ಅಂದ್ಳು. "ನನಗ ಮಂಗ್ಯಾ ಮಾಡಬ್ಯಾಡ" ಅಂದೆ. ಆವಾಗ ಅತ್ತಳು. ಗಂಡ ಕೈಗೆ ಸಿಕ್ಕಿದ್ರಾಗ ಹೊಡೀತಿದ್ದನಂತ. ಇಕಿನ್ನ ಕಳಸಂಗಿಲ್ಲ ಅಂತ ಅವತ್ತೇ ನಿಕ್ಕಿ ಮಾಡಿದೆ. ಕಾಯಂ ಇರಲಾಕ ಬ್ಯಾರೇ ಪರ್ಮಿಟ್ ಬೇಕಿತ್ತು. ಖಾಲಾ ಅರ್ಜಿ ಹಾಕಿದ್ಲು, ಜವಾಬು ಮಾತ್ರ ಬರವಲ್ತು.

ಮುದ್ದತು ಮುಗಿಯೋ ಹೊತ್ತಿಗೆ ಸಾಹೇಬ ಬಂದ. ಮದ್ರಾಸ ಕಡಿಯಂವ, ನಮ್ಮ ಮಾತು ತಡವರಿಸಿ ಆಡ್ತಿದ್ದ. ಗೆಳತಿ ಕಚೇರಿಗೆ ಬಂದು ವಾಪಸ್ ಹೋಗೋ ಕಾಗದಕ್ಕ ಹೆಬ್ಬಟ್ಟು ಒತ್ತಬೇಕಂತ. "ಹಸಿ ಬಾಣಂತಿ ಹೊಸ್ತಿಲ ದಾಟತಾಳೇನ್ರಿ? ಗಾಳಿ ಹತ್ತಿದ್ರ ನೀವು ನೋಡಕೋತೀರೇನು?" ಅಂದೆ. ಒಳಗಿಂದ ಬಳ್ಳೊಳ್ಳಿ ಸಿಪ್ಪಿ, ಅಜ್ವಾನದ ಹೊಗಿ ಬಂದು ಅಂವಗ ಕೆಮ್ಮು ಹತ್ತಿತು. ಮುದ್ದತು ಮುಂದ ಹಾಕಿ ಕಣ್ಣು ಒರಸಕೋತ ಹೋದ.

ಎರಡನೇ ಸಲ ಬಂದಾಗ ಬಾಣಂತನ ಮುಗದಿತ್ತು. ಈಗೇನು ಹೇಳೋದು? ನಾನೇ ಅಂದೆ, "ಸಾಹೇಬ್ರ, ನಮ್ಮ ಕಡೆ ಕೂಸಿಗೆ ಹಲ್ಲು ಬರೋತನಕ ಗಡಿ ದಾಟಸಂಗಿಲ್ಲರಿ. ಹಿಂದಿನಿಂದ ಬಂದ ಪದ್ಧತಿ." ಹಿಂದೂ ಇಲ್ಲ, ಮುಂದೂ ಇಲ್ಲ, ಆಗಿಂದಾಗ ಹುಟ್ಟಿಸಿದ್ದು! ಅಂವ ನನ್ನ ಮಾರಿ ಒಂದು ಘಳಿಗಿ ನೋಡಿದ. ನಾ ಕಣ್ಣು ಪಿಳುಕಿಸಲಿಲ್ಲ. ಮತ್ತ ಮುದ್ದತು ಸಿಕ್ಕಿತು.

ಅಲ್ಲಿಂದ ಓಣಿ ಹೆಂಗಸರಿಗೆ ಕೂಸಿನ ಬಾಯಿ ನೋಡೋದೇ ಕೆಲಸ ಆಯ್ತು. ಜೊಲ್ಲು ಸುರಿಸಿದ್ರ ಖಾಲಾ ಎದಿ ಹಿಡಕೋತಿದ್ಲು. ಕೂಸಿಗೆ ಹಲ್ಲು ಬರಬಾರದು ಅಂತ ದೇವರಿಗೆ ಬೇಡಕೊಂಡವರನ್ನ ನೀವೆಲ್ಲರ ಕಂಡೀರೇನು? ನಾವು ಬೇಡಕೊಂಡೇವಿ. ಹಲ್ಲು ಅಂತ ಯಾಕಂದೆ, ಕೂಸಿನ ಲಗ್ನ ಆಗೋತನಕ ಅಂದಿದ್ರ ಗಂಟೇನು ಹೋಗ್ತಿತ್ತು ಅಂತ ನನಗ ನಾನೇ ಬೈಕೊಂಡೆ.

ಮೂರನೇ ಸಲ ಸಾಹೇಬ ಪಡಸಾಲ್ಯಾಗ ಕುಂತು ಕೂಸಿನ್ನ ತೊಡಿ ಮ್ಯಾಲ ತಗೊಂಡ. ಅದು ಅವನ ಬಟ್ಟು ಹಿಡದು ಬಾಯಾಗ ಹಾಕೊಂಡು ಕಡೀತು. ಅಂವ "ಹಾ!" ಅಂದ. ಹಲ್ಲು ಬಂದಿತ್ತು.

ಅಂವ ಬಟ್ಟು ಒರಸಕೊಂಡು ಮೆಲ್ಲಕ ನನಗ ಕೇಳಿದ, "ಇನ್ನೇನರ ಪದ್ಧತಿ ಅದ ಏನಮ್ಮಾ?"

ಅಯ್ಯ ಶಿವನೇ! ಇಂವಗ ಮೊದಲಿಂದಲೂ ಗೊತ್ತಿತ್ತು! ಅಷ್ಟು ದೊಡ್ಡ ಬಾಯಿ ನಂದು, ಆ ಹೊತ್ತಿಗೆ ಒಂದಕ್ಷರ ಹೊಂಡಲಿಲ್ಲ.

ಆವಾಗ ಪರದೆ ಹಿಂದಿಂದ ಗೆಳತಿ ದನಿ ಬಂತು. ಪರ ಗಂಡಸಿನ ಮುಂದ ಎಂದೂ ತುಟಿ ಬಿಚ್ಚಿದಾಕಿ ಅಲ್ಲ. "ಅದ ರೀ. ನಮ್ಮ ಕಡೆ ಮಗಳು ಒಲ್ಲೆ ಅಂದ್ರ ಕಳಸಂಗಿಲ್ಲರಿ."

"ಇಂಥಾ ಪದ್ಧತಿ ನಾ ಎಲ್ಲೂ ಕೇಳಿಲ್ಲ" ಅಂದ ಸಾಹೇಬ.

"ನಮ್ಮಲ್ಲೂ ಇರಲಿಲ್ಲರಿ" ಅಂದ್ಳು ಖಾಲಾ. "ಇವತ್ತಿನಿಂದ ಅದ."

ಸಾಹೇಬ ಚೀಲದಿಂದ ಕಾಗದ ತಗದ. ಮುದ್ದತು ಮುಂದ ಹಾಕಿದ, ಖಾಲಾನ ಅರ್ಜಿ ಬೆನ್ನು ಹತ್ತಿ ತಾನೇ ಓಡಾಡಿದ. ಕೂಸು ನಡಿಯೋ ಹೊತ್ತಿಗೆ ಕಾಯಂ ಪರ್ಮಿಟ್ ಬಂತು. ಆ ದಿನ ಓಣಿಗೆಲ್ಲ ಸಕ್ರಿ ಹಂಚಿದಾಕಿ ನಾನು.

ಮುಂದ ನಾ ಔರಾದಕ್ಕ ಹೋದೆ, ಮಕ್ಕಳಾದ್ವು, ದೊಡ್ಡ ಮಗಳಿಗೆ ಭಾಲ್ಕಿಗೆ ಕೊಟ್ಟೆ. ಒಂದಿನ ಮುಂಜಾನಿ ಆಕಿ ಒಬ್ಬಾಕೇ ಟ್ರಂಕ್ ಹೊತಗೊಂಡು ಬಂದ್ಳು. ಕೇಳಿದ್ರ "ಸುಮ್ನ ಬಂದೆ" ಅಂದ್ಳು. ನಾ ಕುಂದರಿಸಿ ತಲಿಗೆ ಎಣ್ಣಿ ಹಚ್ಚಿದೆ, ನನ್ನ ಕೈಗೆ ಗೊತ್ತಾಯ್ತು. ಮರುದಿನ ಬೀಗರು ಕರೀಲಾಕ ಬಂದ್ರು. ಹೆಣ್ಣುಮಗಳು ಗಂಡನ ಮನಿ ಬಿಟ್ಟು ಕುಂದ್ರೋದು ಯಾವ ಪದ್ಧತಿ ಅಂತ ನನ್ನ ಗಂಡನ ಮುಂದ ಜೋರು ಮಾಡಿದ್ರು.

ನಾ ಬಾಗಲಾಗ ಅಡ್ಡ ನಿಂತೆ. "ನಮ್ಮ ಬೀದರ ಪದ್ಧತಿರಿ" ಅಂದೆ. "ಮಗಳು ಒಲ್ಲೆ ಅಂದ್ರ ಕಳಸಂಗಿಲ್ಲ."