ವೀರಭದ್ರಪ್ಪ ಸರ್ ಮತ್ತು ಸೊನ್ನೆಯ ಖಾನೆ

ವೀರಭದ್ರಪ್ಪ ಸರ್ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಿಂದಿನಿಂದ ಬಂದು ಉಂಗುರದ ಬೆರಳಿನಿಂದ ಮಾನಿಟರಿನ ಗಾಜಿಗೆ ಟಕಟಕ ಬಡಿಯುತ್ತಿದ್ದರು. ಆ ಸದ್ದು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಸಿಂಧನೂರಿನ ಅವರ ಕಂಪ್ಯೂಟರ್ ಕ್ಲಾಸಿಗೆ ನಾನು ಜವಳಗೇರಾದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಮಸ್ಕಿಯಲ್ಲಿ ಅವರು ಹೊಸ ಶಾಖೆ ತೆರೆಯುವವರಿದ್ದರು. ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಅಲ್ಲಿ ಕಲಿಸುವ ಕೆಲಸ ಎಂದಿದ್ದರು. ನನಗೆ ಅದು ಬೇಕೇ ಬೇಕಿತ್ತು. ಸಿಗದಿದ್ದರೆ ಮದುವೆ ಮಾಡಿ ಕಳಿಸಲು ಮನೆಯಲ್ಲಿ ತಯಾರಾಗಿ ಕೂತಿದ್ದರು.

ಜಾವಾಸ್ಕ್ರಿಪ್ಟಿನಲ್ಲಿ ಹೆಸರುಗಳನ್ನು ಸಾಲಾಗಿ ಇಡುವುದಕ್ಕೆ ಅರೇ ಎನ್ನುತ್ತಾರೆ. ಅದರ ಖಾನೆಗಳ ನಂಬರು ಸೊನ್ನೆಯಿಂದ ಶುರು. ಇದು ನನ್ನ ತಲೆಗೆ ಹತ್ತಲೇ ಇಲ್ಲ. ಒಂದು ದಿನ ಗಾಜು ಬಡಿದು ಸರ್ ಕೇಳಿದರು: "ಕಣದಾಗ ಜ್ವಾಳ ಅಳಿಯೋ ಮುಂದ ಮೊದಲ್ನೇ ಸೇರಿಗೆ ಏನಂತಾನ ನಿಮ್ಮಪ್ಪ?"

"ಲಾಭ ಅಂತಾರ್ರೀ ಸರ್. ಒಂದು ಅನ್ನಂಗಿಲ್ಲ."

"ಆ ಲಾಭನ ಸೊನ್ನಿ ಅಂತ ತಿಳ್ಕೊ."

ತಿಳಿದುಕೊಂಡೆ. ಆದರೆ ಲಾಭ ಆದಮೇಲೆ ಕಣದಲ್ಲಿ ಬರುವುದು ಎರಡು. ನಾನೂ ಸೊನ್ನೆ, ಎರಡು, ಮೂರು ಎಂದೇ ಖಾನೆ ತುಂಬಿದೆ. ಒಂದನೇ ಖಾನೆ ಖಾಲಿ ಉಳಿದು, ಪರದೆಯ ಮೇಲೆ ಎರಡನೆಯ ಹೆಸರಿನ ಜಾಗದಲ್ಲಿ 'ಅನ್‌ಡಿಫೈನ್ಡ್' ಎಂದು ಬಂತು.

ಸರ್ ಇಡೀ ಕ್ಲಾಸನ್ನು ಕರೆದು ತೋರಿಸಿದರು. "ನೋಡ್ರಿ, ಜವಳಗೇರಾದ ರಾಶಿ. ಇಕಿ ಮಸ್ಕ್ಯಾಗ ಹೋಗಿ ಕಲಸ್ತಾಳಂತ." ದಾರಿ ತಪ್ಪಿಸಿದವರೂ ಅವರೇ, ನಕ್ಕವರೂ ಅವರೇ.

ಆ ಸಿಟ್ಟಿನಲ್ಲೇ ಕಲಿತೆ. ಖಾನೆಗಳನ್ನು ಒಂದೊಂದಾಗಿ ಓದುತ್ತಾ ಹೋಗುವ ಲೂಪು ಸೊನ್ನೆಯಿಂದ ಹೊರಡಬೇಕು, ಒಟ್ಟು ಎಣಿಕೆಗಿಂತ ಒಂದು ಮೊದಲೇ ನಿಲ್ಲಬೇಕು.

ನಮ್ಮ ಪೇಪರ್ ತಿದ್ದಿದವರು ಲಿಂಗಸುಗೂರಿನ ಮಾಸ್ತರರೊಬ್ಬರು. ಪಾಸಾದವರ ಹೆಸರುಗಳನ್ನು ಅಂಕದ ಪ್ರಕಾರ ಅರೇಯಲ್ಲಿ ತುಂಬಿ ಫ್ಲಾಪಿಯಲ್ಲಿ ಕಳಿಸಿದ್ದರು. ಸರ್ ಅದಕ್ಕೆ ತಮ್ಮ ಲೂಪ್ ಬರೆದು ಎಲ್ಲರೆದುರು ಪಟ್ಟಿ ತೋರಿಸಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ.

"ಹೆಸರಿಲ್ಲಂದ್ರ ಪಾಸಾಗಿಲ್ಲ. ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ," ಎಂದರು.

ಪಟ್ಟಿಯ ತುದಿಯಲ್ಲಿ ಅದೇ 'ಅನ್‌ಡಿಫೈನ್ಡ್' ಕೂತಿತ್ತು. ಕೇಳದೆ ಕೀಬೋರ್ಡಿಗೆ ಕೈಹಾಕಿದೆ. ಅವರ ಲೂಪು ಸೊನ್ನೆಯ ಖಾನೆ ಬಿಟ್ಟು ಒಂದರಿಂದ ಹೊರಟು, ಕೊನೆಗೆ ಒಂದು ಹೆಜ್ಜೆ ಹೆಚ್ಚು ಹೋಗಿತ್ತು. ಎರಡೂ ಕಡೆ ತಿದ್ದಿದೆ. ನನ್ನ ಹೆಸರು ಎಲ್ಲರಿಗಿಂತ ಮೇಲೆ ಬಂತು.

ಸರ್ ಮಾನಿಟರ್ ಆರಿಸಿದರು. "ನಿಂದು ಖರೇ ಐತಿ. ಆದ್ರ ಮಸ್ಕಿಗೆ ನಿನ್ನ ಕಳಸಂಗಿಲ್ಲ. ಎಲ್ಲಾರ ಮುಂದ ನನ್ನ ಮರ್ಯಾದಿ ತಗದಾಕಿಗೆ ನನ್ನ ಕ್ಲಾಸ್ ಹ್ಯಾಂಗ ಕೊಡ್ಲಿ?"

ಕೆಲಸ ಎರಡನೆಯವನಿಗೆ ಹೋಯಿತು. ಆ ವರ್ಷವೇ ನನ್ನ ಮದುವೆಯಾಯಿತು. ಸರ್ ಮುಖ ಮತ್ತೆ ನೋಡಲಿಲ್ಲ.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂತು. ಆಗ ಜೊತೆಗೆ ಕಲಿತ ಗೆಳತಿ ಫೋನಿನಲ್ಲಿ ಅತ್ತಳು. "ಎಷ್ಟ್ ಮಂದಿಗೆ ದಾರಿ ಮಾಡಿಕೊಟ್ರಲ್ಲವ್ವಾ ಸರ್ರು," ಎಂದಳು.

ನಾನು ಹೂಂ ಅನ್ನಲಿಲ್ಲ.